ಮೂಳೆ ಡಾಕ್ಟರ ತಾಯಿ ಬೀಳಬಾರದು

ಹೋದ ದೀಪಾವಳಿ ಮುಗಿದ ಮೇಲೆ ಪಕ್ಕದ ಮನೆಯಲ್ಲಿ ಕೂಸಿಗೆ ತೊಟ್ಟಿಲು ಕಟ್ಟಿದರು. ನಮ್ಮ ಅತ್ತೆ ಬರುವುದಿಲ್ಲ ಎಂದುಬಿಟ್ಟರು.

ಇದೂ ಒಂದು ಸುದ್ದಿಯೇ ಎನ್ನಬೇಡಿ. ಆದೋನಿಯ ನಮ್ಮ ಓಣಿಯಲ್ಲಿ ಅತ್ತೆಯಿಲ್ಲದೆ ಯಾವ ಕೂಸಿಗೂ ಹೆಸರಿಟ್ಟಿಲ್ಲ. ಜೋಗುಳ ಹಾಡುವವರು ಅವರು, ಹಾಡು ತಪ್ಪಿದವರನ್ನು ಬೈಯುವವರೂ ಅವರೇ.

ಅದಕ್ಕೂ ಹಿಂದಿನ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಿದ್ದರು. ಮೂಳೆ ಡಾಕ್ಟರಾದ ನಮ್ಮ ಯಜಮಾನರೇ ಪ್ಲಾಸ್ಟರ್ ಹಾಕಿದರು. ಕೈ ಚೆನ್ನಾಗಿ ಕೂಡಿತು. ಕೆಟ್ಟಿದ್ದು ಯಜಮಾನರ ತಲೆ! ಇಷ್ಟು ವರ್ಷ ಮುರಿದದ್ದನ್ನು ಕೂಡಿಸಿದ್ದು ಸಾಕು, ಇನ್ನು ಮುರಿಯದ ಹಾಗೆ ನೋಡಬೇಕು ಎಂದು ಹಟ ಹಿಡಿದರು. ಭಾನುವಾರ ಬಂತೆಂದರೆ ಹತ್ತಿರದ ಆಸ್ಪರಿಗೋ ದೇವನಕೊಂಡಕ್ಕೋ ಹೋಗಿ ಭಾಷಣ. ಬಚ್ಚಲ ಪಾಚಿ ಉಜ್ಜಿ. ಹಾಲು ಕುಡಿಯಿರಿ. ಎಳೆ ಬಿಸಿಲಿಗೆ ಕೂರಿ. ಒಟ್ಟಿನಲ್ಲಿ ಬೀಳಬೇಡಿ! (ಆಸ್ಪರಿಯಲ್ಲಿ ಕುರಿ ಕಾಯುವ ಮುದುಕನೊಬ್ಬ ಎದ್ದು, “ಹಂಗಾರ ನಿಮ್ಮ ದವಾಖಾನಿ ಹೆಂಗ ನಡೀತೈತ್ರಿ?” ಎಂದನಂತೆ.)

ಭಾಷಣದ ಪ್ರಾಕ್ಟೀಸು ನಮ್ಮ ಪಡಸಾಲೆಯಲ್ಲಿ. ಅತ್ತೆ ಮಂಚದ ಮೇಲೆ ಕೂತು ಕೇಳುತ್ತಿದ್ದರು. ಕೇಳುತ್ತ ಕೇಳುತ್ತ ಕೂತೇಬಿಟ್ಟರು. ಮೊದಲು ಪೇಟೆ ಬಿಟ್ಟರು, ಆಮೇಲೆ ಗುಡಿ, ಆಮೇಲೆ ಅಂಗಳ. (ಅಷ್ಟರಲ್ಲಿ ಇಡೀ ಆದೋನಿ ಮದ್ರಾಸು ರಾಜ್ಯ ಬಿಟ್ಟು ಆಂಧ್ರಕ್ಕೆ ಹೋಯಿತು. ಅತ್ತೆ ಮಂಚ ಬಿಟ್ಟು ಅಡುಗೆಮನೆಗೂ ಬರಲಿಲ್ಲ.) ಕಾಲು ಕಡ್ಡಿಯಾದವು. ಯಜಮಾನರಿಗೆ ಊಟ ಸೇರದಾಯಿತು. ಹಾಸಿಗೆ ಹಿಡಿದ ಮುದುಕಿಯರು ಮತ್ತೆ ಏಳದೇ ಹೋದದ್ದನ್ನು ಅವರೆಷ್ಟು ಕಂಡಿಲ್ಲ?

ತೊಟ್ಟಿಲ ದಿನ ನಾನು ಅತ್ತೆಗೆ ಉಡಲು ಸೀರೆ ಹಿಡಿದು ನಿಂತೆ. “ಏಳ್ರಿ ಅತ್ತಿ, ಎಲ್ಲಾರೂ ನಿಮ್ಮ ದಾರಿ ಕಾಯಾಕತ್ಯಾರ.”

“ಒಲ್ಲೆವ್ವ.”

ಯಜಮಾನರು ಬಂದು ಪಕ್ಕದಲ್ಲಿ ಕೂತರು. “ಅವ್ವಾ, ಎಲ್ಲಿ ನೋವೈತಿ ಹೇಳು.”

“ನೋವು ಏನೂ ಇಲ್ಲೋ ತಮ್ಮಾ.”

“ಮತ್ತ ಯಾಕ ಏಳವಲ್ಲಿ?”

ಅತ್ತೆ ಮುಖ ಆಚೆ ತಿರುಗಿಸಿದರು. “ಬೀಳಬ್ಯಾಡ್ರಿ ಅಂತ ಊರೆಲ್ಲ ಹೇಳಿಕೋತ ತಿರಗತಿ. ನಿನ್ನ ಹಡದಾಕೀನ ಮತ್ತ ಬಿದ್ದಳಂದ್ರ ನಿನ್ನ ಮಾತು ಯಾರು ಕೇಳತಾರ? ಕುಂತರ ಬೀಳೋದಿಲ್ಲಲ್ಲ.”

ಅತ್ತೆಗೆ ವಯಸ್ಸಾಯಿತು ಎಂದು ನಾವು ಅಂದುಕೊಂಡಿದ್ದೆವು. ಆ ಜೀವ ಮಗನ ಮರ್ಯಾದೆ ಕಾಯುತ್ತ ಕೂತಿತ್ತು!

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. “ತಪ್ಪು ನಂದವ್ವ. ಅಡ್ಡಾಡ್ರಿ ಅಂತ ಹೇಳೋದ ಮರ್ತೆ. ಕುಂತರ ಎಲುಬು ಇನ್ನೂ ಸೊರಗತಾವ. ಮರ್ಯಾದಿ ಹೋದರ ಹೋಗಲಿ, ಏಳು. ನಾ ಹಿಡೀತೀನಿ.”

ಹಿಡಿದರು. ಅತ್ತೆ ನಡುಗುತ್ತ ಎದ್ದರು. ಪಕ್ಕದ ಮನೆಗೆ ಹೋಗುವಷ್ಟರಲ್ಲಿ ಎಣ್ಣೆ ಅಂಗಡಿಯಾಕೆ, “ಏಂ ಅವ್ವಾ, ಬಾಗುನ್ನಾರಾ? ಎಷ್ಟು ದಿನಾತ್ರಿ!” ಎಂದು ತೆಲುಗು ಕನ್ನಡ ಬೆರೆಸಿ ಕ್ಷೇಮ ಕೇಳುತ್ತ ತಡೆದಳು. ಅತ್ತೆಯ ಮುಖದಲ್ಲಿ ಕಳೆ ಬಂತು. ತೊಟ್ಟಿಲ ಮುಂದೆ ಜೋಗುಳವನ್ನೂ ಹಾಡಿದರು, ಇಬ್ಬರನ್ನು ಬೈದರು ಕೂಡ.

ಅಂದಿನಿಂದ ದಿನಾ ಬೆಳಿಗ್ಗೆ ತಾಯಿ-ಮಗನ ವಾಕಿಂಗು. ಮೊದಮೊದಲು ಓಣಿಯ ತುದಿ, ಈಗ ಹತ್ತಿ ಮಿಲ್ಲಿನವರೆಗೆ. ಭಾಷಣಕ್ಕೂ ಹೊಸ ಮಾತು ಸೇರಿದೆ: ಅಡ್ಡಾಡಿ!

ನಿನ್ನೆ ಯಜಮಾನರು ಏದುಸಿರು ಬಿಡುತ್ತ ಒಬ್ಬರೇ ಬಂದರು. “ಅತ್ತಿ ಎಲ್ರಿ?” ಎಂದೆ.

“ಮುಂದಿನ ಓಣಿಯಾಗ ಯಾರದೋ ಲಗ್ನದ ಮಾತು ನಡದೈತಂತ. ‘ನೀ ಮನಿಗೆ ನಡಿ’ ಅಂತ ನನ್ನ ಕಳಿಸ್ಯಾಳ.”

ಮಧ್ಯಾಹ್ನದ ಊಟದ ಹೊತ್ತಾದರೂ ಪತ್ತೆಯಿಲ್ಲ. ಮುರಿದ ಮೂಳೆ ಕೂಡಿಸುವ ಡಾಕ್ಟರಿದ್ದಾರೆ, ಮುರಿಯದಂತೆ ಕಾಯುವ ಡಾಕ್ಟರೂ ಇದ್ದಾರೆ. ಹೊರಗೆ ಹೋದ ಅತ್ತೆಯನ್ನು ಮನೆಗೆ ಕರೆತರುವ ಡಾಕ್ಟರು ಯಾರಾದರೂ ನಿಮಗೆ ಗೊತ್ತೇ?