ಬಿಟ್ಟುಹೋದ ಪದಗಳು

ಚೈತ್ರಾಳ ಉಕ್ತಲೇಖನದ ನೋಟ್‌ಬುಕ್ಕಿನಲ್ಲಿ ತಪ್ಪುಗಳಿರಲಿಲ್ಲ. ಖಾಲಿ ಜಾಗಗಳಿದ್ದವು.

ಹತ್ತು ಪದ ಹೇಳಿದರೆ ಏಳು ಬರೆದಿರುತ್ತಿದ್ದಳು. ದುಂಡಗಿನ ಅಕ್ಷರ, ಒತ್ತಕ್ಷರವೂ ಸರಿ. ನಾಲ್ಕು, ಆರು, ಒಂಬತ್ತರ ಮುಂದೆ ಮಾತ್ರ ಏನೂ ಇಲ್ಲ. ಕೆಳಗೆ ಅವಳಿಗೆ ಪಾಠ ಹೇಳುವ ಅಕ್ಕೋರು ಕೆಂಪು ಪೆನ್ನಿನಲ್ಲಿ ಬರೆದಿದ್ದರು: "ತರಗತಿಯಲ್ಲಿ ಲಕ್ಷ್ಯವಿಲ್ಲ. ಪಾಲಕರು ಗಮನಿಸಬೇಕು." ಆಗ ಅವಳಿಗೆ ಏಳು ವರ್ಷ, ಎರಡನೆಯ ತರಗತಿ.

ನಾವು ರಾಣೆಬೆನ್ನೂರಿನವರು. ನಮ್ಮ ಮನೆಯವರದು ಬೀಜದ ಅಂಗಡಿ. ಮನೆಯಲ್ಲಿ ನಾವಿಬ್ಬರು, ಅತ್ತೆ, ಚೈತ್ರಾ. ಒಬ್ಬಳೇ ಮಗಳು. ಇನ್ನೊಂದು ಮಗುವಾಗುವುದು ಕಷ್ಟ ಎಂದು ಅವಳು ಹುಟ್ಟಿದಾಗಲೇ ಡಾಕ್ಟರ್ ಹೇಳಿದ್ದರು. ಹಾಗಾಗಿ ಅವಳ ಓದು, ಊಟ, ಕೆಮ್ಮು, ಎಲ್ಲದರ ಮೇಲೂ ಮನೆಮಂದಿಯ ಕಣ್ಣು. ಅಷ್ಟು ಕಣ್ಣುಗಳಿದ್ದೂ ನಮಗೆ ಕಾಣಲಿಲ್ಲ.

ಆ ಸಂಜೆ ರೊಟ್ಟಿ ಬಡಿಯುತ್ತ ನಾನೇ ಪದ ಹೇಳಿದೆ. ಅಕ್ಕಿ, ಕತ್ತೆ, ಚಕ್ರ, ಹಗ್ಗ. ತಿರುಗಿ ನೋಡಿದರೆ ಚಕ್ರವಿಲ್ಲ.

"ಚಕ್ರ ಯಾಕ ಬರೀಲಿಲ್ಲ?"

"ನೀ ಹೇಳೇ ಇಲ್ಲಲ್ಲವ್ವಾ."

ಎದುರಿಗೇ ಕೂತು ಸುಳ್ಳು ಹೇಳುತ್ತಾಳೆ ಎಂದು ಸಿಟ್ಟು ನೆತ್ತಿಗೇರಿತು. ಹಿಟ್ಟಿನ ಕೈಯಲ್ಲೇ ಹೊಡೆದೆ.

ಅವಳು ಅಳಲಿಲ್ಲ. ಕೆನ್ನೆಗೆ ಜೋಳದ ಹಿಟ್ಟು ಅಂಟಿಸಿಕೊಂಡು, ಯಾಕೆ ಎಂದು ತಿಳಿಯದವಳ ಹಾಗೆ ನನ್ನನ್ನೇ ನೋಡಿದಳು.

ಅದೊಂದೇ ದಿನವಲ್ಲ. ಆ ಮಳೆಗಾಲದಲ್ಲಿ ಎಷ್ಟು ಸಲ ಹೊಡೆದೆನೋ ಲೆಕ್ಕವಿಲ್ಲ. ಇದನ್ನು ಬರೆಯದೆ ಮುಂದೆ ಹೋಗಬಹುದಿತ್ತು, ಆದರೆ ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಅದು ನನ್ನ ಮಗಳ ಕಥೆ ಆಗುವುದಿಲ್ಲ. ಅತ್ತೆ, "ಒಂದೇ ಕೂಸು ಅಂತ ಮುದ್ದು ಮಾಡಿ ಕೆಡಿಸೀರಿ" ಎನ್ನುತ್ತಿದ್ದರು. ನಮ್ಮ ಮನೆಯವರು ಟಿವಿಯ ವೈರು ಕಿತ್ತಿಟ್ಟರು. ಚೈತ್ರಾ ಊಟ ಮಾಡುತ್ತ ಮಾಡುತ್ತ ತುತ್ತು ಕೈಯಲ್ಲೇ ಹಿಡಿದು ಸುಮ್ಮನಾಗುತ್ತಿದ್ದಳು. ಅದಕ್ಕೂ ನಾವು ಹಟ ಎಂದೇ ಹೆಸರಿಟ್ಟೆವು.

ದಸರೆಯ ರಜೆಗೆ ಅವಳನ್ನು ಕರೆದುಕೊಂಡು ಬ್ಯಾಡಗಿಗೆ, ನನ್ನ ತವರಿಗೆ ಹೋದೆ. ಮರುದಿನ ಬೆಳಿಗ್ಗೆ ನನ್ನ ಅವ್ವ ಮೊಮ್ಮಗಳನ್ನು ಕನ್ನಡಿಯ ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಚೈತ್ರಾ ಏನೋ ಹೇಳುತ್ತಿದ್ದಳು. ಮಾತು ನಡುವೆಯೇ ನಿಂತಿತು. ಅವ್ವ ಕನ್ನಡಿಯಲ್ಲಿ ನೋಡಿದ್ದಾಳೆ. ಹುಡುಗಿಯ ರೆಪ್ಪೆಗಳು ಪಟಪಟ ಅದುರುತ್ತಿವೆ, ಕಣ್ಣುಗುಡ್ಡೆ ಸ್ವಲ್ಪ ಮೇಲೆ ಸರಿದಿದೆ. ನಾಲ್ಕೈದು ಉಸಿರಿನಷ್ಟು ಹೊತ್ತು. ಆಮೇಲೆ ಏನೂ ಆಗದವರ ಹಾಗೆ ಮತ್ತೆ ಮಾತು.

ಅವ್ವ ನನ್ನನ್ನು ಹಿತ್ತಲಿಗೆ ಕರೆದಳು.

"ಸುಜಾತಾ, ಕೂಸು ಹಟಾ ಮಾಡಾಕತ್ತಿಲ್ಲ. ಮಾತು ನಿಂತಾಗ ಕೂಸಿಗೆ ಖಬರ, ಎಚ್ಚರ ಇರೂದಿಲ್ಲ. ನಾಳೆ ಹಾವೇರಿಗೆ ಹೋಗೂಣು."

ಹಾವೇರಿಯ ಮಕ್ಕಳ ಡಾಕ್ಟರ್ ಅವಳ ಕೈಗೆ ಒಂದು ಕಾಗದದ ಚೂರು ಕೊಟ್ಟು, "ಇದನ್ನ ಜೋರಾಗಿ ಊದವಾ. ನಾ ಸಾಕನ್ನೂತನಾ ಊದತಿರು" ಎಂದರು. ಅವಳಿಗೆ ಆಟ. ನಗುತ್ತ ಊದಿದಳು. ಕಾಗದ ಹಾರಾಡುತ್ತಿತ್ತು. ಎರಡು ನಿಮಿಷವಾಗಿರಬಹುದು.

ಕಾಗದ ನಿಂತಿತು.

ಕಣ್ಣು ತೆರೆದೇ ಇತ್ತು. ಡಾಕ್ಟರ್ ಅವಳ ಹೆಸರು ಕರೆದರು, ಉತ್ತರವಿಲ್ಲ. ನಾನು ಕರೆದೆ. ನನ್ನ ದನಿಗೂ ಅವಳು ತಿರುಗಲಿಲ್ಲ. ಅದುರುವ ರೆಪ್ಪೆಗಳನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಮತ್ತೆ ಕಾಗದ ಹಾರಿತು.

"ಹಿಂಗ ಜೋರಾಗಿ ಊದಿಸಿದ್ರ ಇದು ಬಂದು ಕಾಣಸ್ತದ. ಇದು ಒಂದು ತರಹದ ಫಿಟ್ಸ್ ರಿ. ಆಬ್ಸೆನ್ಸ್ ಸೀಜರ್ ಅಂತಾರ."

"ಆಕಿ ಒಮ್ಮೆನೂ ಬಿದ್ದಿಲ್ಲಲ್ಲರಿ."

"ಇದರಾಗ ಬೀಳೂದಿಲ್ಲರಿ. ದಿನಕ್ಕ ಹತ್ತು ಸಲಾನೂ ಬರಬಹುದು, ಐವತ್ತು ಸಲಾನೂ ಬರಬಹುದು. ಆ ಹೊತ್ತಿನ್ಯಾಗ ಏನು ಹೇಳಿದ್ರೂ ಆಕಿಗೆ ಕೇಳಿರೂದಿಲ್ಲ."

ನೀ ಹೇಳೇ ಇಲ್ಲಲ್ಲವ್ವಾ. ಅವಳು ಖರೇನೇ ಹೇಳಿದ್ದಳು.

"ಡಾಕ್ಟರ್, ನಾ ಇದಕ್ಕಂತ ಹೊಡದೀನ್ರಿ" ಎಂದೆ. ಅವರು ಬರೆಯುವುದನ್ನು ನಿಲ್ಲಿಸಿದರು. "ಹೊಡದಿದ್ದಕ್ಕ ಬಂದಿದ್ದಲ್ಲ ಇದು. ಹೊಡದ್ರ ಹೋಗೂದೂ ಅಲ್ಲ. ಇನ್ನ ಮುಂದ ಹೊಡೀಬ್ಯಾಡ್ರಿ, ಅಷ್ಟ."

ಮೆದುಳಿನ ಇಇಜಿ ಪರೀಕ್ಷೆ ಮಾಡಿಸಲು ಹುಬ್ಬಳ್ಳಿಗೆ ಹೋದೆವು. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚದೆ ಸ್ನಾನ ಮಾಡಿಸಬೇಕಿತ್ತು. ತಲೆತುಂಬ ಅಂಟಿನಂಥದ್ದು ಹಚ್ಚಿ ವೈರು ಅಂಟಿಸಿದರು. ಬಾಗಿಲ ಹೊರಗೆ ಇವರು ನಿಂತೇ ಇದ್ದರು. ಬೀಜದ ಚೀಲ ಹೊತ್ತು ಗಟ್ಟಿಯಾದ ಮನುಷ್ಯ, ವೈರಿನ ನಡುವೆ ಮಲಗಿದ್ದ ಮಗಳನ್ನು ನೋಡಲಾರದೆ ಹೊರಗೆ ಹೋಗಿದ್ದರು. ರಿಪೋರ್ಟು ಬಂತು. ಹಾವೇರಿಯ ಡಾಕ್ಟರ್ ಹೇಳಿದ್ದೇ ಸರಿ. ದಿನಕ್ಕೆರಡು ಸಲ ಸಿರಪ್. ಎರಡು ವರ್ಷ ಒಂದೂ ಬರದಿದ್ದರೆ ಔಷಧಿ ಇಳಿಸುವ ಮಾತು. "ಬಹಳ ಮಕ್ಕಳಿಗೆ ದೊಡ್ಡವರಾಗೂದ್ರೊಳಗ ಹೋಗ್ತದ. ಎಲ್ಲಾರಿಗೂ ಹೋಗ್ತದ ಅಂತ ನಾ ಹೇಳಂಗಿಲ್ಲ" ಎಂದರು ಹುಬ್ಬಳ್ಳಿಯ ಡಾಕ್ಟರ್.

ಅತ್ತೆ ಕದರಮಂಡಲಗಿಯ ಹಣಮಪ್ಪನಿಗೆ ಬೇಡಿಕೊಂಡರು. ಆಮೇಲೆ ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳಿದರು: "ಹೆಣ್ಣ ಹುಡುಗಿ ಐತಿ. ಫಿಟ್ಸ್ ಅನ್ನೂ ಮಾತು ಈ ಹೊಸ್ತಲಾ ದಾಟಬಾರ್ದು. ಮುಂದ ಆಕಿನ್ನ ಯಾರು ಮಾಡ್ಕೋತಾರ?" ಇವರೂ ತಲೆಯಾಡಿಸಿದರು. ಶಾಲೆಯವರು ಮನೆಯಲ್ಲೇ ಇಟ್ಟುಕೊಳ್ಳಿ ಎಂದರೆ ಏನು ಮಾಡುವುದು ಎಂಬ ಹೆದರಿಕೆ ಅವರದು. ಅದು ಸುಳ್ಳು ಹೆದರಿಕೆಯೂ ಅಲ್ಲ.

ರಜೆ ಮುಗಿಯಿತು. ಮೊದಲ ವಾರದಲ್ಲೇ ಚೈತ್ರಾ ಬಂದು, "ಇವತ್ತ ಅಕ್ಕೋರು ನನ್ನ ಹೊರಗ ನಿಲ್ಲಿಸಿದ್ರು" ಎಂದಳು. ಯಾಕೆ ಎಂದು ಕೇಳಲಿಲ್ಲ. ನನಗೆ ಗೊತ್ತಿತ್ತು.

ಮರುದಿನ ಕಾಯಿಪಲ್ಲೆ ತರುವ ಚೀಲ ಹಿಡಿದುಕೊಂಡು, ಯಾರಿಗೂ ಹೇಳದೆ ಶಾಲೆಗೆ ಹೋದೆ. ಊಟದ ಬಿಡುವು. ಅಕ್ಕೋರು ಡಬ್ಬಿ ತೆರೆಯುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಅವರು ಡಬ್ಬಿಯ ಮುಚ್ಚಳ ಮತ್ತೆ ಹಾಕಿದರು.

"ನಾ ಆಕಿನ್ನ ಎಷ್ಟ ಸಲ ನಿಲ್ಲಿಸೀನೋ ಏನೋ" ಎಂದರು.

"ನಾ ಹೊಡದೀನ್ರಿ ಅಕ್ಕೋರ."

ಯಾರಿಗೂ ಹೇಳಬೇಡಿರೆಂದು ಕೈ ಮುಗಿದೆ. "ಹೆಡ್ ಮಾಸ್ತರಿಗೆ ಹೇಳಬೇಕಾಗ್ತದರಿ. ಅವರ ಹೊರತು ಯಾರಿಗೂ ಹೇಳಂಗಿಲ್ಲ" ಎಂದರು. ಅಂದಿನಿಂದ ಚೈತ್ರಾ ಮೊದಲ ಬೆಂಚಿಗೆ ಬಂದಳು. ಉಕ್ತಲೇಖನದ ಪ್ರತಿ ಪದವನ್ನೂ ಅಕ್ಕೋರು ಎಲ್ಲರಿಗೂ ಎರಡೆರಡು ಸಲ ಹೇಳತೊಡಗಿದರು. ತನ್ನೊಬ್ಬಳಿಗಾಗಿ ಎಂದು ಅವಳಿಗೆ ಇಂದಿಗೂ ಗೊತ್ತಿಲ್ಲ.

ನಾನು ಶಾಲೆಯಲ್ಲಿ ಹೇಳಿದ್ದು ಮನೆಯಲ್ಲಿ ಗೊತ್ತಾದಾಗ ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಸಿರಪ್ಪಿನ ಬಾಟಲಿ ತಂದು, "ಹೊತ್ತಾತು, ಹಾಕು" ಎಂದರು.

ಸಿರಪ್ಪಿನಿಂದ ಮೊದಮೊದಲು ಬರೀ ನಿದ್ದೆ. ಬಾಚಣಿಕೆಯಲ್ಲಿ ಕೂದಲು ಬರುತ್ತಿತ್ತು. ಎರಡು ಸಲ ಡೋಸ್ ಹೆಚ್ಚಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ನನಗೆ ಹತ್ತಿದ ರೋಗವೇ ಬೇರೆ. ಅವಳು ಸುಮ್ಮನೆ ಕಿಟಕಿಯಾಚೆ ನೋಡಿದರೂ ಚೈತ್ರಾ, ಚೈತ್ರಾ ಎಂದು ದಿನವಿಡೀ ಕರೆಯುತ್ತಿದ್ದೆ. ಮಕ್ಕಳು ಕಿಟಕಿಯಾಚೆ ನೋಡುತ್ತಾರೆ, ಏನನ್ನೋ ಯೋಚಿಸುತ್ತಾರೆ, ಕರೆದರೆ ಬೇಕೆಂದೇ ಓ ಎನ್ನುವುದಿಲ್ಲ. ಆ ಸುಮ್ಮನಿರುವಿಕೆಗೂ ಈ ಸುಮ್ಮನಿರುವಿಕೆಗೂ ಇರುವ ವ್ಯತ್ಯಾಸ ಕಲಿಯಲು ನನಗೆ ತಿಂಗಳುಗಳು ಬೇಕಾದವು. ಇನ್ನೂ ಪೂರ್ತಿ ಕಲಿತಿಲ್ಲ.

ಹನ್ನೊಂದು ವಾರ ಯಾರ ಕಣ್ಣಿಗೂ ಒಂದು ಫಿಟ್ಸೂ ಬೀಳದಿದ್ದಾಗ ಶಾಲೆಯಿಂದ ಚೀಟಿ ಬಂತು. ಗಳಗನಾಥಕ್ಕೆ ಒಂದು ದಿನದ ಪ್ರವಾಸ.

ಅಲ್ಲಿ ಎರಡು ಹೊಳೆ ಕೂಡುತ್ತವೆ. ನೀರಿನಂಚಿನಲ್ಲಿ ಐದೇ ಸೆಕೆಂಡು ಸಾಕು. ಬೇಡವೇ ಬೇಡ ಎಂದರು ಅತ್ತೆ. ಇವರು ನನ್ನ ಮುಖ ನೋಡಿದರು. ಚೈತ್ರಾ ಯಾರನ್ನೂ ಕೇಳಲಿಲ್ಲ. ಕೇಳಿದರೂ ಸಿಗದು ಎಂದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಏಳು ವರ್ಷದ ಹುಡುಗಿಗೆ ಆ ರೂಢಿ ಬಂದದ್ದನ್ನು ಕಂಡು ಚೀಟಿಗೆ ಸಹಿ ಮಾಡಿದೆ. ಅಕ್ಕೋರ ಕೈಗೆ ಅಂಗಡಿಯ ಫೋನ್ ನಂಬರು ಕೊಟ್ಟು, "ನೀರಿನ ಹತ್ರ ಆಕಿ ಕೈ ಬಿಡಬ್ಯಾಡ್ರಿ" ಎಂದೆ. ಆ ದಿನ ಬೆಳಗಿನಿಂದ ಸಂಜೆಯತನಕ ಅಂಗಡಿಯಲ್ಲಿ, ಫೋನಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಅದು ಮೂರು ಸಲ ರಿಂಗಾಯಿತು. ಮೂರೂ ಗಿರಾಕಿಗಳದು.

ದೀಪ ಹಚ್ಚುವ ಹೊತ್ತಿಗೆ ಬಸ್ಸು ಬಂತು. ಇಳಿದವಳ ಲಂಗದ ಅಂಚು ಒದ್ದೆ, ಬೂಟಿನ ತುಂಬ ಉಸುಕು. ಅಕ್ಕೋರು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ, ಏನೂ ಇಲ್ಲ ಎಂಬಂತೆ ತಲೆಯಾಡಿಸಿದರು.

ದಾರಿಯುದ್ದಕ್ಕೂ ಚೈತ್ರಾಳದು ಒಂದೇ ತಕರಾರು. "ಅಕ್ಕೋರು ನನ್ನ ಕೈ ಬಿಡಲೇ ಇಲ್ಲವ್ವಾ. ಕೈಯೆಲ್ಲಾ ಬೆವತು ಹೋತು." ಆಮೇಲೆ ಕೇಳಿದಳು: "ಮುಂದಿನ ವರ್ಷಾನೂ ಕಳಸ್ತೀ?"

"ನೋಡೂಣು" ಅಂದೆ.

ಬೇಡ ಅನ್ನಲಿಲ್ಲ.