ಟ್ರ್ಯಾಕ್ಟರ್ ನೋಟಿಗೂ ಆಯುಧಪೂಜೆ

ನೋಟಿನ ಮೇಲೆ ಒದ್ದೆ ಕುಂಕುಮವಿತ್ತು. ಹುಣಸೂರಿನಿಂದ ಪಿರಿಯಾಪಟ್ಟಣದ ನಮ್ಮ ಮನೆಗೆ ಬರಲಿದ್ದ ಗೆಳತಿಗೆ ತೋರಿಸಲೆಂದು, ನನ್ನ ಸಂಗ್ರಹದ ಹಳೆಯ ಐದು ರೂಪಾಯಿ ನೋಟನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದೆ. ಒಂದು ಮಡಿಕೆಯೂ ಬೀಳದ ನೋಟದು. ಬಂದು ನೋಡಿದರೆ ಅದರ ಹಿಂಬದಿಯಲ್ಲಿದ್ದ ಟ್ರ್ಯಾಕ್ಟರಿನ ಚಕ್ರಗಳಿಗೆ ಬೊಟ್ಟು. ಅದನ್ನು ಓಡಿಸುತ್ತಿದ್ದ ರೈತನ ಹಣೆಗಿಟ್ಟ ಬೊಟ್ಟಂತೂ ಅವನ ಮುಖವನ್ನೇ ನುಂಗಿತ್ತು.

ಆಯುಧಪೂಜೆಯ ತಟ್ಟೆ ಹಿಡಿದು ಅತ್ತೆ ಅಲ್ಲೇ ನಿಂತಿದ್ದರು. "ಅಂಗಳದಾಗಿರೋ ಟ್ಯಾಕ್ಟ್ರುಗೆ ಪೂಜೆ ಮಾಡ್ಬುಟ್ಟು ಇದ್ನ ಅಂಗೇ ಬುಡಕಾಯ್ತದಾ?"

ಒರೆಸಿದೆ. ಕೆಂಪು ಇನ್ನಷ್ಟು ಹರಡಿತು. ಕಲೆ ಬಿದ್ದ ನೋಟಿಗೆ ಸಂಗ್ರಹಕಾರರಲ್ಲಿ ಬೆಲೆಯಿಲ್ಲವೆಂದು ಹಲ್ಲು ಕಚ್ಚಿಕೊಂಡೇ ಹೇಳಿದೆ.

"ಪೂಜೆ ಆದ್ಮೇಲೆ ಬೆಲೆ ಓಯ್ತದಾ? ಯಾರವ್ವ ಅಂಗಂದೋರು?"

ಐದರ ನೋಟಿನಲ್ಲಿ ಮೊದಲಿದ್ದ ಜಿಂಕೆಗಳು ಹೋಗಿ, ಹಸಿರು ಕ್ರಾಂತಿಯ ಹೆಮ್ಮೆಗೆ ಟ್ರ್ಯಾಕ್ಟರ್ ಬಂದ ಕಥೆಯನ್ನು ಮನೆಗೆ ಬಂದವರಿಗೆಲ್ಲ ಈಗಲೂ ಹೇಳಹೊರಡುತ್ತೇನೆ. ಅವರು ಕೇಳುವುದು ಕುಂಕುಮದ ಬಗ್ಗೆ ಮಾತ್ರ. ಅದನ್ನು ವಿವರಿಸಲು ಅತ್ತೆ ಅಷ್ಟರಲ್ಲಿ ಕುರ್ಚಿ ಎಳೆದುಕೊಂಡು ಕೂತಿರುತ್ತಾರೆ.