ಯಜಮಾನ್ರ ರೂಮಿನ ಫ್ಯಾನು

ಪಿರಿಯಾಪಟ್ಟಣದ ನಮ್ಮ ಮನೆಗೆ ಮಾತು ಕೇಳುವ ಡಬ್ಬ ಹಾಕಿಕೊಟ್ಟವರು ರಾವಂದೂರಿನ ಒಬ್ಬ ಎಲೆಕ್ಟ್ರಿಷಿಯನ್. ಕಿವಿಗೆ ಟೆಸ್ಟರ್ ಸಿಕ್ಕಿಸಿಕೊಂಡು, ಯಾವ ತೊಂದರೆ ಹೇಳಿದರೂ ಅಂಗೈ ಉಜ್ಜುತ್ತಾ "ಆಯ್ತದೆ ಬುಡಿ, ಯಾಕಾಗಕಿಲ್ಲ?" ಅನ್ನುವರು. ಕೂತಲ್ಲಿಂದಲೇ ಹೇಳಿದ್ದಕ್ಕೆ ಲೈಟು ಹತ್ತಿದಾಗ ನಮಗಿಂತ ಹೆಚ್ಚು ಕುಣಿದವರೇ ಅವರು. ಒಂದೇ ಒಂದು ಕೊರಗು: "ನಮ್ಮನೇಲೂ ಹಾಕಿವ್ನಿ ಕಣ್ರೀ. ನಮ್ಮನೆಯವ್ಳು ಅದ್ರ ಜೊತೆ ಮಾತೇ ಆಡಕಿಲ್ಲ. ನನ್ ಕೆಲಸ ಅಂದ್ರೆ ಅಸಡ್ಡೆ."

ಮಂಡಿನೋವಿನ ನಮ್ಮ ಅಜ್ಜಿ ಎಷ್ಟು ಹೇಳಿದರೂ ಅವರೂ ತಾತನೂ ಮಲಗುವ ರೂಮಿನ ಫ್ಯಾನು ಮಾತ್ರ ತಿರುಗಲಿಲ್ಲ. ಎಲೆಕ್ಟ್ರಿಷಿಯನ್ ಮತ್ತೆ ಬಂದರು. ವೈಫೈ ನೋಡಿದರು, ಡಬ್ಬವನ್ನು ಮಂಚದ ಹತ್ತಿರಕ್ಕೆ ತಂದರು. ಅವರು ಹೇಳಿದರೆ ತಿರುಗುತ್ತದೆ! ಕೊನೆಗೆ, "ಅಜ್ಜೀ, ನನ್ನ ಮುಂದೆ ನೀವೇ ಒಂದ್ಸಲ ಹೇಳಿ" ಅಂದರು.

ಅಜ್ಜಿ ಸೆರಗು ಸರಿಮಾಡಿಕೊಂಡು, "ಅವ್ರ ರೂಮಿನ ಫ್ಯಾನ್ ಹಾಕವ್ವ" ಅಂದರು.

ಎಲೆಕ್ಟ್ರಿಷಿಯನ್ ಆ ರೂಮಿಗೆ ಇಟ್ಟಿದ್ದು ನಮ್ಮ ತಾತನ ಹೆಸರು. ಗಂಡನ ಹೆಸರನ್ನು ಅಜ್ಜಿ ಈವರೆಗೆ ಬಾಯಿಬಿಟ್ಟು ಹೇಳಿದವರೇ ಅಲ್ಲ.

ಎಲೆಕ್ಟ್ರಿಷಿಯನ್ ಹಣೆ ಚಚ್ಚಿಕೊಂಡು ನಕ್ಕು, ಮೊಬೈಲಿನಲ್ಲಿ ತಾತನ ಹೆಸರು ತೆಗೆದು 'ಯಜಮಾನ್ರ ರೂಮು' ಅಂತ ಮಾಡಿದರು. ಅಜ್ಜಿ ಹಾಗೇ ಹೇಳಿದರು. ಫ್ಯಾನು ಗಿರ್ರನೆ ತಿರುಗಿತು! ಅಜ್ಜಿ ಚಪ್ಪಾಳೆ ತಟ್ಟಿಬಿಟ್ಟರು.

ನಾನು ಕಾಫಿ ತಂದುಕೊಟ್ಟೆ. ಲೋಟ ಬಾಯಿಗಿಟ್ಟ ಎಲೆಕ್ಟ್ರಿಷಿಯನ್ ತಟ್ಟನೆ ಎದ್ದು ನಿಂತರು. "ಅಯ್ಯೋ, ನಮ್ಮನೇಲಿ ಎಲ್ಲಾ ರೂಮಿಗೂ ನನ್ನೆಸ್ರೇ ಮಡಗಿವ್ನಿ!"

ಕಿವಿಯ ಟೆಸ್ಟರ್ ಅಂಗಳದಲ್ಲಿ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ. ಬೈಕು ಗೇಟು ದಾಟುವಾಗಲೂ ಕೂಗುತ್ತಲೇ ಇದ್ದರು: "ಅಸಡ್ಡೆ ಅಲ್ಲ ಕಣ್ರೀ, ಅಸಡ್ಡೆ ಅಲ್ಲ!"